ಪೆರುಮಾಳನ ಕಾರಿನಲ್ಲಿ ಬಂದ ಸುಣ್ಣಕಟ್ಟು

ರೇಷ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಪರೀಕ್ಷೆ ಕಟ್ಟಬೇಕು, ಯಾವ ಊರಿಗೆ ಹಾಕಿಸಿಕೊಂಡರೆ ಅನುಕೂಲ, ಮೇಲಿನ ಹುದ್ದೆ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂದು ಕೇಳುತ್ತಾರೆ. ಅದೆಲ್ಲ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಾನೇ ಮೇಲೆ ಹೋಗಿರುತ್ತಿದ್ದೆ. ನನಗೆ ಗೊತ್ತಿರುವುದು ಹುಳು ಹೇಗೆ ಸಾಯುತ್ತದೆ ಎಂಬುದು. ಬದುಕಿದ ಹುಳ ಯಾರಿಗೂ ಏನೂ ಕಲಿಸುವುದಿಲ್ಲ, ಗೂಡು ಕಟ್ಟಿ ಮುಗಿಸುತ್ತದೆ. ಸತ್ತ ಹುಳವನ್ನು ನೋಡಿ ಕಾರಣ ಹೇಳಬೇಕಾದವರು ನಾವು. ಒಂದು ಸಲ ನಾನು ತಪ್ಪು ಕಾರಣ ಹೇಳಿ, ಅದನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ. ಆ ಕತೆಯನ್ನೇ ಬರೆದರೆ ಹುಡುಗರಿಗೆ ಉಪಯೋಗವಾದೀತು.

ನಾನು ಕೆಲಸಕ್ಕೆ ಸೇರಿದಾಗ ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕಚೇರಿಯ ಹಳೆಯ ಕಡತಗಳಲ್ಲಿ ಅರ್ಧ ತಮಿಳು, ಅರ್ಧ ಇಂಗ್ಲಿಷು. ನನ್ನ ಹುದ್ದೆಯ ಹೆಸರು ಡೆಮಾನ್ಸ್ಟ್ರೇಟರ್. ಹಳ್ಳಿಯವರ ಬಾಯಲ್ಲಿ ಅದು ‘ಉಳುದ್ ಸಾಯೇಬ್ರು’ ಆಗಿತ್ತು. ರೇಷ್ಮೆ ಮೊಟ್ಟೆ ಒಡೆದು ಬಂದ ಮರಿಗಳನ್ನು ಎರಡನೇ ಜ್ವರ ಮುಗಿಯುವ ತನಕ ಕೊಳ್ಳೇಗಾಲದ ಚಾಕಿ ಮನೆಯಲ್ಲಿ ನಾವೇ ಸಾಕುತ್ತಿದ್ದೆವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುವ ಕಾಲ. ಆಮೇಲೆ ಆ ಚಾಕಿ ಹುಳುಗಳನ್ನು ರೈತರ ಮನೆಗೆ ಮುಟ್ಟಿಸಿ, ಗೂಡು ಕಟ್ಟುವವರೆಗೆ ಆಗಾಗ ಹೋಗಿ ನೋಡಿ, ಬುದ್ಧಿ ಹೇಳಿ ಬರುವುದು ನನ್ನ ಕೆಲಸ. ಬುದ್ಧಿ ಹೇಳುವುದನ್ನು ಮಾತ್ರ ನಾನು ಮೊದಲ ದಿನದಿಂದಲೇ ಚೆನ್ನಾಗಿ ಮಾಡುತ್ತಿದ್ದೆ.

ಮೊದಲನೇ ವರ್ಷವೇ ಮಧುವನಹಳ್ಳಿಯಲ್ಲಿ ಒಂದು ಹುಳದ ಮನೆಗೆ ಫಾರ್ಮಾಲಿನ್ ಹೊಡೆಸಿದೆ. ಅದು ಕಣ್ಣು ಮೂಗು ಉರಿಸುವ ಔಷಧಿ, ರೋಗದ ಬೀಜ ಸಾಯಲಿ ಎಂದು ಹೊಡೆಯುವುದು. ಕಿಟಕಿ ಸಂದುಗಳಿಗೆಲ್ಲ ಪೇಪರ್ ಅಂಟಿಸಿ, ಬಾಗಿಲು ಮುಚ್ಚಿ, ಒಂದು ದಿನ ತೆಗೆಯಬೇಡಿ ಎಂದು ಗತ್ತಿನಿಂದ ಹೇಳಿ ಬಂದೆ. ಮಾರನೇ ದಿನ ಹೋದರೆ ಮನೆಯಾಕೆ ಕಾಲು ಹಿಡಿದು ಒಂದು ಕೋಳಿಯನ್ನು ನೇತಾಡಿಸಿಕೊಂಡು ನಿಂತಿದ್ದಳು. ಅಟ್ಟದ ಮೇಲೆ ಕಾವಿಗೆ ಕೂತಿದ್ದ ಕೋಳಿಯನ್ನು ನಾನು ನೋಡಿರಲೇ ಇಲ್ಲ.

“ರೋಗ ಓಯ್ತೋ ಇಲ್ವೋ ನಂಗೊತ್ತಿಲ್ಲ ಸಾ, ಕೋಳಿ ಮಾತ್ರ ಓಯ್ತು” ಅಂದಳು.

ಬಾಗಿಲು ಮುಚ್ಚುವ ಮುಂಚೆ ಮೇಲೆ ನೋಡಬೇಕು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ನಮ್ಮ ಭಾಗಕ್ಕೆ ಮಳೆಗಾಲದ ಕೊನೆಯಲ್ಲಿ, ಕಾರ್ತಿಕದ ಥಂಡಿಯಲ್ಲಿ ಬರುತ್ತಿದ್ದ ದೊಡ್ಡ ಕಾಟ ಸುಣ್ಣಕಟ್ಟು. ಅದೊಂದು ಬೂಷ್ಟು. ಅದರ ಪುಡಿ ಹುಳದ ಮೈಮೇಲೆ ಬಿದ್ದು, ತೇವ ಸಿಕ್ಕಿದರೆ ಮೊಳೆತು, ಚರ್ಮ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ನಾಲ್ಕೈದು ದಿನ ಹುಳು ಚೆನ್ನಾಗಿಯೇ ತಿನ್ನುತ್ತಿರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಸೊಪ್ಪಿನ ಮೇಲೆ ತಲೆ ಚಾಚಿ ಸತ್ತಿರುತ್ತದೆ. ಒಂದೆರಡು ದಿನದಲ್ಲಿ ಮೈ ಗಟ್ಟಿಯಾಗಿ, ಬೆಳ್ಳಗೆ, ಸೀಮೆಸುಣ್ಣದ ಕಡ್ಡಿಯ ಹಾಗೆ ಆಗುತ್ತದೆ. ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ. ಆ ಪುಡಿಯೇ ಮುಂದಿನ ಸಾವಿಗೆ ಬೀಜ.

ಇದನ್ನು ಬಾಯಲ್ಲಿ ಹೇಳಿದರೆ ರೈತರು ಹೂಂ ಅನ್ನುತ್ತಿದ್ದರು, ನಂಬುತ್ತಿರಲಿಲ್ಲ. ದೃಷ್ಟಿಯಾಯಿತು ಅಂತಲೋ, ಮುಟ್ಟಾದವರು ಒಳಗೆ ಬಂದರು ಅಂತಲೋ ತಮ್ಮ ತಮ್ಮಲ್ಲೇ ತೀರ್ಮಾನಿಸಿಕೊಳ್ಳುತ್ತಿದ್ದರು. ಕಣ್ಣಾರೆ ತೋರಿಸಬೇಕು ಎಂದು ನಾನು ಸುಣ್ಣಕಟ್ಟಿದ ನಾಲ್ಕು ಹುಳುಗಳನ್ನು ಒಂದು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿ ಇಟ್ಟುಕೊಂಡೆ. ಮನೆಯ ಹೊರಗೇ ನಿಂತು ಪೆಟ್ಟಿಗೆ ತೆರೆದು, “ನೋಡ್ರಪ್ಪಾ, ಇದು ಕಾಯಿಲೆ, ಯಾರ ಕಣ್ಣೂ ಅಲ್ಲ” ಅನ್ನುತ್ತಿದ್ದೆ. ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಆಮೇಲೆ ಪೆಟ್ಟಿಗೆ ಮುಚ್ಚಿ ದೂರ ಇಟ್ಟು, ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದೆ. ಒಳ್ಳೆಯ ಉಪಾಯವೆಂದು ಮೇಲಿನವರೂ ಮೆಚ್ಚಿದ್ದರು.

ಮೊದಮೊದಲು ಚಾಕಿ ಹುಳುಗಳನ್ನು ಬಿದಿರು ತಟ್ಟೆಗಳಲ್ಲಿ ಹರಡಿ, ಒದ್ದೆ ಬಟ್ಟೆ ಮುಚ್ಚಿ, ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. ಹನೂರು, ರಾಮಾಪುರದ ಕಡೆಗೆ ಸೈಕಲ್ ಆಗುವ ಮಾತಲ್ಲ. ಬಸ್ಸಿನಲ್ಲಿ ಹಾಕಿದರೆ ಯಾರೋ ಅದರ ಮೇಲೆ ರಾಗಿ ಮೂಟೆ ಇಟ್ಟಿರುತ್ತಿದ್ದರು. ಕೊನೆಗೆ ಕಚೇರಿಯವರು ಬೆಳೆಗೆ ಎರಡು ಮೂರು ಸಲ ಬಾಡಿಗೆ ಕಾರು ಮಾಡಿಕೊಳ್ಳಲು ಒಪ್ಪಿದರು. ಕಾರು ಪೆರುಮಾಳನದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ನಿಲ್ಲುತ್ತಿದ್ದ, ದೊಡ್ಡ ಮೂತಿಯ ಹಳೆ ಕಾರು. ಪೆರುಮಾಳನದು ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಾರು ಕೆಟ್ಟಾಗ ಎರಡರಲ್ಲೂ ಬೈಗುಳ. ದಿನಾ ಬೆಳಿಗ್ಗೆ ಕಾರಿನ ಹೊರಮೈಯನ್ನು ಕನ್ನಡಿಯಂತೆ ಒರೆಸುತ್ತಿದ್ದ. ಒಳಗನ್ನು ಒರೆಸುವುದು ಒಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಕಾರಿನಲ್ಲಿ ಹೋಗದವರು ಯಾರು? ಹಿಂದಿನ ಸೀಟಿನಲ್ಲಿ ಏಳು ಜನ, ಮುಂದೆ ನಾಲ್ಕು ಜನ ಕೂರುತ್ತಿದ್ದರು. ಹೆರಿಗೆಗೆ ಹೊರಟವರು, ವಾಂತಿ ಮಾಡುವ ಮಕ್ಕಳು, ಬೆಟ್ಟಕ್ಕೆ ಹರಕೆ ಹೊತ್ತವರು, ಕಾಲು ಕಟ್ಟಿದ ಕೋಳಿಗಳು. ರೆಕ್ಸಿನ್ ಹರಿದ ಕಡೆ ತೆಂಗಿನ ನಾರು ಹೊರಗೆ ಬಂದಿತ್ತು. ಮೇಲೆ ಹಿಡಿದುಕೊಳ್ಳುವ ಪಟ್ಟಿ ಎಣ್ಣೆ ಕುಡಿದು ಕರ್ರಗಾಗಿತ್ತು. ನಮ್ಮ ಕೆಲಸದ ದಿನ ಹಿಂದಿನ ಸೀಟಿನ ಮೇಲೆ ಒಂದು ಚಾಪೆ ಹಾಸಿ ತಟ್ಟೆಗಳನ್ನು ಜೋಡಿಸುತ್ತಿದ್ದೆವು. ನಾನು ಮುಂದೆ ಪೆರುಮಾಳನ ಪಕ್ಕ ಕೂರುತ್ತಿದ್ದೆ.

ರಾಮಾಪುರದಲ್ಲಿ ನಮ್ಮ ಕೊನೆಯ ಮನೆ ಪುಟ್ಟಮಾದಮ್ಮನದು. ಗಂಡನಿಗೆ ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುವವನು. ಮನೆಯಲ್ಲಿ ಅತ್ತೆ, ಮೈದುನ, ಎರಡು ಮಕ್ಕಳು. ಒಣಬೇಸಾಯದ ಆ ಊರಿನಲ್ಲಿ ಬಾವಿ ನೀರೆತ್ತಿ ಒಂದಿಷ್ಟು ಹಿಪ್ಪುನೇರಳೆ ತೋಟ ಮಾಡಿದವಳು ಅವಳೇ. ಆ ಜಾಗಕ್ಕೆ ರಾಗಿ ಹಾಕಬೇಕು ಎಂದು ಮೈದುನನಿಗೆ ಮೊದಲಿನಿಂದಲೂ ಇತ್ತು. ಎರಡು ಬೆಳೆ ಚೆನ್ನಾಗಿ ಬಂದದ್ದರಿಂದ ಸುಮ್ಮನಿದ್ದ. ನಾನು ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡುತ್ತಿದ್ದವಳೆಂದರೆ ಅವಳೇ. ಹುಳದ ಮನೆಯೊಳಗೆ ತನ್ನ ಮಕ್ಕಳನ್ನೂ ಬಿಡುತ್ತಿರಲಿಲ್ಲ.

ಆ ಕಾರ್ತಿಕದಲ್ಲಿ ಜಡಿ ಮಳೆ. ಕಾರಿನ ಗಾಜು ಏರಿಸಿಕೊಂಡು ಮಧುವನಹಳ್ಳಿಯಲ್ಲಿ ಒಂದು ಮನೆಗೆ, ಹನೂರಿನಲ್ಲಿ ಎರಡು ಮನೆಗೆ, ಕೊನೆಗೆ ರಾಮಾಪುರಕ್ಕೆ ಹುಳು ಕೊಟ್ಟು ಬಂದೆವು. ಎಂಟು ದಿನಕ್ಕೆ ಹನೂರಿನಿಂದ ಸುದ್ದಿ ಬಂತು, ಕೆಲವು ತಟ್ಟೆಗಳಲ್ಲಿ ಸುಣ್ಣಕಟ್ಟು. ರಾಮಾಪುರಕ್ಕೆ ಹೋಗಿ ನೋಡಿದರೆ ಪುಟ್ಟಮಾದಮ್ಮನ ಮನೆಯಲ್ಲಿ ಒಂದು ತಟ್ಟೆಯೂ ಉಳಿದಿರಲಿಲ್ಲ. ಎಲ್ಲವೂ ಬೆಳ್ಳಗೆ. ಮಧುವನಹಳ್ಳಿಯಲ್ಲಿ ಏನೂ ಆಗಿರಲಿಲ್ಲ. ದೂರ ಹೋದಷ್ಟೂ ರೋಗ ಹೆಚ್ಚಿದೆ ಎಂಬುದು ಕಣ್ಣೆದುರಿಗೇ ಇತ್ತು. ನಾನು ನೋಡಿದ್ದು ಬೇರೆ. ಹುಳು ಒಂದೇ, ಔಷಧಿ ಒಂದೇ, ಹಾಗಾದರೆ ಕೆಟ್ಟದ್ದು ಕೈ ಅಂದುಕೊಂಡೆ.

“ಏನವ್ವಾ, ಕೈ ತೊಳ್ಕೊಂಡು ಒಳಗೆ ಹೋಗ್ತಾ ಇದ್ಯಾ?” ಎಂದು ಕೇಳಿದೆ.

“ತೊಳ್ದಿವ್ನಿ ಸಾ. ನೀವು ಏಳ್ದಂಗೇ ತೊಳ್ದಿವ್ನಿ.”

“ತೊಳೆದಿದ್ದರೆ ಇದು ಬರ್ತಿರಲಿಲ್ಲ.”

ಸತ್ತ ಹುಳುಗಳನ್ನು ಊರ ಹೊರಗೆ ಸುಡಿಸಿದೆ. ಬಸ್ ನಿಲ್ಲುವ ಜಾಗದಲ್ಲಿ ಸೇರಿದ್ದ ಜನರ ಮುಂದೆ, ಶುಚಿತ್ವ ಇಲ್ಲದವರ ಮನೆಯಿಂದ ಊರಿಗೆಲ್ಲ ಹಬ್ಬುತ್ತದೆ, ಒಬ್ಬರ ಕೈ ಸಾಕು ಎಂದು ಭಾಷಣ ಮಾಡಿದೆ. ಹೆಸರು ಹೇಳಲಿಲ್ಲ. ಅದೇ ಊರಿನಲ್ಲಿ, ಅದೇ ದಿನ, ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಅವಳ ಅತ್ತೆ ಅಲ್ಲೇ ನಿಂತು ತಲೆಯಾಡಿಸುತ್ತಿದ್ದಳು. ಕಚೇರಿಗೆ ಬಂದು ವರದಿ ಬರೆದೆ: ಸಾಕಣೆಯಲ್ಲಿ ಶುಚಿತ್ವ ಪಾಲಿಸಿಲ್ಲ, ಮುಂದೆ ಇವರಿಗೆ ಚಾಕಿ ಹುಳು ಕೊಡತಕ್ಕದ್ದಲ್ಲ. ಸೂಪರಿಂಟೆಂಡೆಂಟರು ಸಹಿ ಮಾಡಿದರು. ಪಟ್ಟಿಯಲ್ಲಿ ಪುಟ್ಟಮಾದಮ್ಮನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಹುಳು ಸಿಗದಿದ್ದರೆ ತೋಟ ಯಾಕೆ, ಸಂಕ್ರಾಂತಿ ಕಳೆದ ಮೇಲೆ ಕಿತ್ತು ಹಾಕುತ್ತೇನೆ ಎಂದು ಮೈದುನ ಹೇಳುತ್ತಿದ್ದಾನೆ ಅಂತ ಪೆರುಮಾಳ್ ಬಂದು ಹೇಳಿದ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಕಣ್ಣು ತೆರೆಸಿದವನು ಯಳಂದೂರಿನ ಬಸವಣ್ಣ. ನನ್ನಂತೆಯೇ ಡೆಮಾನ್ಸ್ಟ್ರೇಟರ್. ತನಗೆ ಕಾರು ಕೊಡಲಿಲ್ಲವೆಂದು ಅವನಿಗೆ ಯಾವಾಗಲೂ ಕೋಪ. ತಿಂಗಳ ಮೀಟಿಂಗಿಗೆ ಬಂದವನು, “ನಂ ಉಳ ಎಲ್ಲಾ ಗೂಡು ಕಟ್ಬುಟ್ಟೊ ಕಣಯ್ಯಾ. ಒಂದೂ ಬೆಳ್ಳಗಾಗ್ಲಿಲ್ಲ. ಸೈಕಲ್ ಮೇಲೆ ಮಳೇಲಿ ನೆನ್ಕಂಡು ಓದ ಉಳ ಚೆನ್ನಾಗವೆ, ಕಾರಲ್ಲಿ ಸಾಯೇಬ್ರಂಗೆ ಓದ ಉಳ ಸತ್ತೊ. ಇದೇನಯ್ಯ ನ್ಯಾಯ?” ಎಂದು ನಕ್ಕ.

ಒಂದೇ ಚಾಕಿ ಮನೆಯ, ಒಂದೇ ದಿನದ ಹುಳು. ಅವನು ಗೇಲಿಗೆ ಹೇಳಿದರೂ, ಬೇರೆಯಾಗಿದ್ದದ್ದು ವಾಹನ ಮಾತ್ರ ಎಂದು ನನಗೆ ಹೊಳೆಯಿತು. ಸೂಪರಿಂಟೆಂಡೆಂಟರಿಗೆ ಹೇಳಿದೆ. ಅವರು ಕಡಿಮೆ ಮಾತಿನವರು. “ಹಾಗಾದರೆ ಕಾರನ್ನೇ ಕೇಳಿ” ಅಂದರು.

ಕಾರನ್ನು ಕೇಳುವುದು ಹೇಗೆ? ಈಗ ನಿಮಗೆ ಗಾಜಿನ ತಟ್ಟೆ, ಸೂಕ್ಷ್ಮದರ್ಶಕ ಎಲ್ಲ ಇದೆ. ಬೂಷ್ಟು ಬೆಳೆಸಿ ನೋಡಲು ನಮ್ಮಲ್ಲಿದ್ದದ್ದು ಆಲೂಗಡ್ಡೆ. ಬೇಯಿಸಿ, ಸುಟ್ಟ ಚಾಕುವಿನಿಂದ ಬಿಲ್ಲೆ ಕೊಯ್ದು, ಕುದಿಸಿದ ಗಾಜಿನ ಲೋಟಗಳನ್ನು ಬೋರಲು ಮುಚ್ಚಿ ಸಾಲಾಗಿಟ್ಟೆ. ಕಾರಿನ ಒಂದೊಂದು ಜಾಗವನ್ನು ಬೇರೆ ಬೇರೆ ಹತ್ತಿಯಿಂದ ಒರೆಸಿ ಒಂದೊಂದು ಬಿಲ್ಲೆಗೆ ಸವರಿದೆ. ಸ್ಟೀರಿಂಗ್, ಹಿಂದಿನ ಸೀಟು, ಬಾಗಿಲ ಹಿಡಿ, ಮೇಲಿನ ಪಟ್ಟಿ, ಕಾಲಡಿಯ ಮ್ಯಾಟು, ಗಾಜಿನ ಕೆಳಗೆ ಡ್ರೈವರ್ ಮುಂದಿರುವ ಹಲಗೆ. ಜೊತೆಗೆ ಅದೇ ಜಾಗಗಳನ್ನು ಚಿಂದಿ ಬಟ್ಟೆಯಿಂದ ಉಜ್ಜಿ, ಆ ಬಟ್ಟೆಯ ಮೇಲೆ ಹತ್ತತ್ತು ಒಳ್ಳೆಯ ಹುಳುಗಳನ್ನು ಹರಿದಾಡಿಸಿ, ಬೇರೆ ಬೇರೆ ಮಡಕೆಗಳಲ್ಲಿ ಸೊಪ್ಪು ಹಾಕಿ ಒದ್ದೆ ಬಟ್ಟೆ ಕಟ್ಟಿದೆ. ಏನನ್ನೂ ಮುಟ್ಟಿಸದ ಹತ್ತು ಹುಳುಗಳನ್ನು ಇನ್ನೊಂದು ಮಡಕೆಯಲ್ಲಿಟ್ಟೆ.

ಪೆರುಮಾಳ್ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದ. “ಎನ್ನಾ ಸಾ ಇದು? ಕಾರಿಗೂ ಕಾಯಿಲೆ ಬತ್ತದಾ? ಊರಲ್ಲಿ ಗೊತ್ತಾದ್ರೆ ನನ್ ಕಾರಿಗೆ ಯಾರ್ ಅತ್ತಾರು?”

“ನಿನ್ನ ಕಾರಿಗೇನೂ ಆಗಲ್ಲ, ಸುಮ್ನಿರು” ಅಂದೆ. ಒಳಗೊಳಗೆ ತಪ್ಪು ಅವನದೇ ಆಗಲಿ ಎಂದು ಬಯಸುತ್ತಿದ್ದೆ. ಇದನ್ನು ಇಷ್ಟು ವರ್ಷದ ಮೇಲಾದರೂ ಒಪ್ಪಿಕೊಳ್ಳುತ್ತೇನೆ.

ಮೂರು ದಿನಕ್ಕೆ ಆಲೂಗಡ್ಡೆಗಳು ತೋಟವಾದವು. ಸ್ಟೀರಿಂಗಿನ ಬಿಲ್ಲೆಯ ಮೇಲೆ ಹಸಿರು ಬೂಷ್ಟು. ಸೀಟಿನದರ ಮೇಲೆ ಹಳದಿ ಲೋಳೆ, ಹತ್ತಿರ ಹೋದರೆ ಗಬ್ಬು. ಅದು ಬ್ಯಾಕ್ಟೀರಿಯಾದ ಕೆಲಸ. ಪಟ್ಟಿಯದು ಗುಲಾಬಿ ಬಣ್ಣ, ಮ್ಯಾಟಿನದು ಕರಿ ಕೂದಲು. ಕಚೇರಿಯ ಗುಮಾಸ್ತರು ನೋಡಿ ಆವತ್ತಿನಿಂದ ಬಾಡಿಗೆ ಕಾರು ಹತ್ತುವುದನ್ನೇ ಬಿಟ್ಟರು. ಅದು ಬರೀ ಹೆದರಿಕೆ. ಮನುಷ್ಯ ಕೈಯಿಟ್ಟ ಕಡೆಯೆಲ್ಲ ಇವು ಇರುತ್ತವೆ, ಇದ್ದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ನಾನು ಹುಡುಕುತ್ತಿದ್ದದ್ದು ಬಿಳಿ ಹಿಟ್ಟಿನಂಥದ್ದನ್ನು. ಅದು ಸ್ವಲ್ಪ ಹಿಂದಿನ ಸೀಟಿನ ಬಿಲ್ಲೆಯಲ್ಲಿತ್ತು. ಮುಂದಿನ ಹಲಗೆಯ ಬಿಲ್ಲೆಯಲ್ಲಿ ಅದು ಬಿಟ್ಟು ಬೇರೇನೂ ಇರಲಿಲ್ಲ.

ವಾರ ಕಳೆಯುವುದರೊಳಗೆ ಮಡಕೆಗಳೂ ಅದನ್ನೇ ಹೇಳಿದವು. ಸ್ಟೀರಿಂಗಿನ, ಬಾಗಿಲ ಹಿಡಿಯ, ಪಟ್ಟಿಯ, ಮ್ಯಾಟಿನ ಹುಳು, ಏನೂ ಮುಟ್ಟದ ಹುಳು ಆರಾಮವಾಗಿ ತಿನ್ನುತ್ತಿದ್ದವು. ಸೀಟಿನ ಮಡಕೆಯಲ್ಲಿ ನಾಲ್ಕು ಸತ್ತವು. ಹಲಗೆಯ ಮಡಕೆಯಲ್ಲಿ ಹತ್ತಕ್ಕೆ ಹತ್ತೂ ಸತ್ತು, ಬೆಳ್ಳಗಾಗಿ ಮಲಗಿದ್ದವು.

ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆದು ಆ ಹಲಗೆಯನ್ನು ನೋಡಿದೆ. ಅಲ್ಲಿ ಒಂದೇ ಒಂದು ವಸ್ತು ಇತ್ತು, ನನ್ನ ಬೆಂಕಿಪೆಟ್ಟಿಗೆ. ಪ್ರತಿ ಮನೆಯ ಮುಂದೆ ತೋರಿಸಿದ ಮೇಲೆ ನಾನು ಅದನ್ನು ‘ದೂರ’ ಇಡುತ್ತಿದ್ದದ್ದು ಅಲ್ಲೇ. ರಸ್ತೆಯ ಕುಲುಕಾಟಕ್ಕೆ ಒಂದು ಮೂಲೆ ಬಿರಿದು, ಒಳಗಿನ ಹುಳುಗಳು ಪುಡಿಪುಡಿಯಾಗಿದ್ದವು. ಹಲಗೆಯ ಮೇಲೆ ವಿಭೂತಿ ಬಳಿದಂತೆ ಬಿಳಿ. ಒರೆಸುವ ದಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಅದನ್ನು ರಸ್ತೆಯ ಧೂಳು ಅಂದುಕೊಂಡಿದ್ದೆ. ಗಾಜು ಮುಚ್ಚಿದ ಕಾರು, ಒದ್ದೆ ಬಟ್ಟೆಯ ತೇವ, ಹಿಂದೆ ತಟ್ಟೆ ತುಂಬ ಎಳೆ ಹುಳು. ಮಧುವನಹಳ್ಳಿಯ ಹುಳು ಸ್ವಲ್ಪ ಹೊತ್ತಿಗೇ ಇಳಿದು ಬದುಕಿಕೊಂಡಿತು. ರಾಮಾಪುರದ ಹುಳು ಕೊನೆಯ ತನಕ ಅದೇ ಗಾಳಿಯಲ್ಲಿ ಕೂತು ಹೋಯಿತು. ರೋಗ ಬಾರದ ಹಾಗೆ ಹೇಗೆ ನೋಡಿಕೊಳ್ಳಬೇಕೆಂದು ಊರೂರಿಗೆ ಹೇಳುತ್ತಾ, ರೋಗವನ್ನು ಊರೂರಿಗೆ ಹಂಚಿದವನು ನಾನು.

ಪೆರುಮಾಳ್ ನನ್ನ ಮುಖ ನೋಡಿ, “ನಾನ್ ಮುಟ್ಟಿಲ್ಲ ಸಾ. ನೀವೇ ಏಳಿದ್ರಿ ಮುಟ್ಬ್ಯಾಡ ಅಂತ” ಎಂದ.

“ಹೌದು, ನಾನೇ ಹೇಳಿದ್ದೆ” ಅಂದೆ.

ಹೊಸ ವರದಿ ಬರೆದೆ. ಕಾರಣದ ಜಾಗದಲ್ಲಿ ನನ್ನ ಹೆಸರು ಹಾಕಿದೆ. ಸೂಪರಿಂಟೆಂಡೆಂಟರು ಎರಡು ಸಲ ಓದಿ, “ವಾಹನದ ಅಶುಚಿತ್ವ ಎಂದು ಬರೆದರೂ ಸಾಕಿತ್ತಲ್ಲ” ಅಂದರು. ನನ್ನ ಮೇಲಿನ ಕನಿಕರಕ್ಕೆ ಹೇಳಿದರೋ, ಪರೀಕ್ಷೆ ಮಾಡಲು ಹೇಳಿದರೋ ಗೊತ್ತಾಗಲಿಲ್ಲ. ವಾಹನ ಅಂದರೆ ಪೆರುಮಾಳನ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತದೆ ಎಂದೆ. ಅವರು ಸಹಿ ಮಾಡಿ, ಪಟ್ಟಿಯಲ್ಲಿ ಪುಟ್ಟಮಾದಮ್ಮನ ಹೆಸರನ್ನು ತಾವೇ ತಮ್ಮ ಪೆನ್ನಿನಿಂದ ಮತ್ತೆ ಬರೆದರು. ಅಂಥ ಅಧಿಕಾರಿ ಸಿಗುವುದು ಅದೃಷ್ಟ. ಆಮೇಲೆ ಸಿಕ್ಕವರ ವಿಷಯ ಬೇಡ.

ಕಾರಿಗೆ ಫಾರ್ಮಾಲಿನ್ ಹೊಡೆದು, ಗಾಜುಗಳಿಗೆ ಪೇಪರ್ ಅಂಟಿಸಿ ಒಂದು ದಿನ ನಿಲ್ಲಿಸಿದೆವು. ಮೂರು ದಿನ ಗಾಳಿಗೆ ಬಿಡು ಎಂದಿದ್ದೆ, ಪೆರುಮಾಳ್ ಮಾರನೇ ದಿನವೇ ಮದುವೆಗೆ ಬಾಡಿಗೆ ಒಪ್ಪಿಕೊಂಡ. ಹೆಣ್ಣಿನ ಕಡೆಯವರು ಹತ್ತಿ ಬಾಗಿಲು ಹಾಕಿದ್ದೇ ತಡ, ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಹೆಣ್ಣು ಕಳಿಸುವಾಗ ಹೆಂಗಸರು ಅಳುವುದು ಸರಿ, ಗಂಡಸರೂ ಹೀಗೆ ಅತ್ತದ್ದನ್ನು ನೋಡಿಲ್ಲ ಎಂದು ಬೀಗರು ಬಹಳ ಕಾಲ ಹೊಗಳಿಕೊಂಡು ತಿರುಗಿದರಂತೆ. ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಹುಳು ಹೋಗುವ ಕಾರಿನಲ್ಲಿ ರೋಗದ ಮಾದರಿ ಇಡಕೂಡದು, ತೋರಿಸಬೇಕಾದರೆ ಮುದ್ರೆ ಹಾಕಿದ ಗಾಜಿನ ಕೊಳವೆಯಲ್ಲಿ ತೋರಿಸಬೇಕು, ಹೊರಡುವ ಮುಂಚೆ ಕಾರಿನ ಒಳಗನ್ನು ಔಷಧಿ ಬಟ್ಟೆಯಿಂದ ಒರೆಸಬೇಕು. ಈಗ ನಿಮಗೆ ಕೊಡುವ ಸೂಚನೆಯ ಹಾಳೆಯಲ್ಲಿ ಇವು ಮೂರು ಸಾಲು ಆಗಿರಬಹುದು. ಆ ಸಾಲುಗಳು ಬಂದದ್ದು ಹೀಗೆ.

ಸಂಕ್ರಾಂತಿಗೆ ಮುಂಚೆ, ಬೆಳಗಿನ ಬಸ್ಸಿಗೆ ರಾಮಾಪುರಕ್ಕೆ ಹೋದೆ. ಪುಟ್ಟಮಾದಮ್ಮ ಖಾಲಿ ತಟ್ಟೆಗಳನ್ನು ಬಿಸಿಲಿಗೆ ಇಡುತ್ತಿದ್ದಳು. ಕೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹೊಸ ಬೆಳೆಗೆ ಹುಳು ಬರುತ್ತದೆ, ತೋಟ ಕೀಳಿಸಬೇಡ ಎಂದೆ. ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅಂಗೈ ಪೂರಾ ಬಿರಿದು, ಚರ್ಮ ಸುಲಿದು, ಬೆರಳ ಸಂದಿನಲ್ಲಿ ರಕ್ತ ಒಣಗಿತ್ತು. ಬಾಗಿಲಲ್ಲಿಡುವ ನೀರಿಗೆ ಹಾಕಲೆಂದು ನಾನು ಕೊಟ್ಟಿದ್ದ ಫಾರ್ಮಾಲಿನ್ ಬಾಟಲಿಯನ್ನು ನೀರು ಬೆರೆಸದೆ ಕೈಗೆ ಸುರಿದುಕೊಂಡಿದ್ದಳು. ಒಂದು ದಿನವಲ್ಲ, ಬಾಟಲಿ ಮುಗಿಯುವ ತನಕ.

“ಕೈಯಿಂದ ಅಂದ್ರಲ್ಲಾ ಸಾ ನೀವು” ಅಂದಳು. “ಇದ್ರಾಗೆ ಏನೋ ಸೇರ್ಕಂಡದೆ ಅನ್ಕಂಡೆ. ಮಕ್ಳಿಗೆ ಉಣ್ಣಾಕಿಕ್ಕೋಕೂ ಎದ್ರಿಕೆ. ನಮ್ಮತ್ತೆ ನನ್ ಕೈ ನೀರು ಕುಡೀದೆ ಎರಡು ತಿಂಗ್ಳಾತು.”

ನನಗೆ ನಾಚಿಕೆಯಾಯಿತು. ಹುಳು ಸತ್ತದ್ದಕ್ಕೆ ಬೇರೆ ಬೆಳೆ ಇದೆ. ಇದಕ್ಕೆ ಏನು ಕೊಡುವುದು? ಕ್ಷಮಿಸವ್ವಾ ಎಂದೆ. ಆಸ್ಪತ್ರೆಯ ಮುಲಾಮಿಗೆ ಏರ್ಪಾಡು ಮಾಡುತ್ತೇನೆ ಎಂದೆ.

“ಮುಲಾಮು ಆಮೇಲೆ. ನಂಗೆ ಈಗ ಏಳ್ದಂಗೇ ಅಲ್ಲಿ ಬಂದು ಏಳಿ. ಅವತ್ತು ಎಲ್ಲಿ ಏಳುದ್ರೋ ಅಲ್ಲಿ.”

ಬಸ್ ನಿಲ್ಲುವ ಜಾಗಕ್ಕೆ ನನ್ನ ಮುಂದೆ ಮುಂದೆ ನಡೆದಳು. ದಾರಿಯಲ್ಲಿ ಅತ್ತೆಯನ್ನೂ ಮೈದುನನನ್ನೂ ಕರೆದುಕೊಂಡಳು. ಹನೂರಿಗೆ ಹೋಗುವ ಬಸ್ಸು ಬಂದು ನಿಂತಿತ್ತು. ಹತ್ತುವವರು, ಇಳಿಯುವವರು, ಟೀ ಕುಡಿಯುವವರು ಸೇರಿ ಮೂವತ್ತು ನಲವತ್ತು ಜನ ಇದ್ದರು. ನಾನು ಗಂಟಲು ಸರಿಮಾಡಿಕೊಂಡು, “ಪುಟ್ಟಮಾದಮ್ಮನ ಮನೆ ಹುಳು ಸತ್ತದ್ದು ಆಕೆ ಕೈಯಿಂದ ಅಲ್ಲ. ನಾನು ಕಾರಿನಲ್ಲಿ ಇಟ್ಟುಕೊಂಡಿದ್ದ ರೋಗದ ಹುಳದಿಂದ. ಆವತ್ತು ನಾನು ಹೇಳಿದ್ದು ಸುಳ್ಳು. ಆಕೆ ಕೈ ಶುದ್ಧ, ತಪ್ಪು ನನ್ನದು” ಎಂದು ಹೇಳಿ ಮುಗಿಸಿದೆ. ಮೈದುನ ನೆಲ ನೋಡುತ್ತಿದ್ದ. ಅತ್ತೆ ಬಸ್ಸಿನ ಕಡೆ ಮುಖ ತಿರುಗಿಸಿಕೊಂಡು, ತನಗೇನೂ ಸಂಬಂಧವಿಲ್ಲವೆಂಬಂತೆ ನಿಂತಿದ್ದಳು. ಸದ್ಯ ಮುಗಿಯಿತು ಎಂದು ನಾನು ಬಸ್ಸಿನತ್ತ ಹೆಜ್ಜೆ ಇಟ್ಟೆ.

ಪುಟ್ಟಮಾದಮ್ಮ ಅಡ್ಡ ಬಂದು ನಿಂತಳು.

“ಇನ್ನೊಂದ್ ಕಿತ ಏಳಿ ಸಾ” ಅಂದಳು. “ನಮ್ಮತ್ತೆಗೆ ಕಿವಿ ವಸಿ ಮಂದ.”

ನಾನು ಅತ್ತೆಯ ಎದುರಿಗೆ ಹೋಗಿ ನಿಂತು, ಬಸ್ಸಿನೊಳಗೆ ಕೂತವರಿಗೂ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದೆ.